ರುಚಿ ನೋಡದ ಅಡುಗೆ

ನವೆಂಬರ್ 20, 2005, ಭಾನುವಾರ. ಮಧ್ಯಾಹ್ನ

"ನೆರೆದಿರುವ ಎಲ್ಲರಿಗೂ ವಂದನೆ. ಕರೆದು ಕೂರಿಸಿ ಚಹಾ ಕೊಟ್ಟಿರಿ, ಸ್ವೀಕರಿಸಿದ್ದೇನೆ. ನಿಮ್ಮ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ." ಹಿಂದಿಯಲ್ಲಿ ಇಷ್ಟು ಹೇಳಿ ಕುಳಿತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಲೇಜಿನ ಚರ್ಚಾಕೂಟ ಮುಗಿದು ನಲವತ್ತು ವರ್ಷವಾಯಿತು. ವೇದಿಕೆಯ ಗತ್ತು ಇಳಿದಿಲ್ಲ.

ನವರಂಗಪುರದ ಕ್ಲಿನಿಕ್ಕಿನ ಮೇಲ್ಮಹಡಿ. ಕೆಲವು ದಂಪತಿಗಳು. ಮರೆವಿನ ಕಾಯಿಲೆ ಈಗಷ್ಟೇ ಹಿಡಿದವರು, ಅವರನ್ನು ನೋಡಿಕೊಳ್ಳುವವರು — ಇಬ್ಬರೂ ಒಟ್ಟಿಗೇ ಕೂರಬೇಕು. ನಡೆಸುವವರು ನಳಿನಿಬೆನ್. ಒಬ್ಬರ ಪರವಾಗಿ ಇನ್ನೊಬ್ಬರು ಉತ್ತರಿಸಬಾರದೆಂಬ ನಿಯಮ. ಜಲಜಾಳಿಗೆ ಕೇಳಿದ ಮೊದಲ ಪ್ರಶ್ನೆಗೇ ನಾನು ಉತ್ತರಿಸಿದೆ. "ಉಮಾಕಾಂತಭಾಯ್, ಕೇಳಿದ್ದು ನಿಮ್ಮ ಶ್ರೀಮತಿಯನ್ನು" ಎಂದರು. ಜಲಜಾ ತನ್ನ ಹರಕು ಗುಜರಾತಿಯಲ್ಲಿ ಹೇಳಿದಳು: ಮದುವೆಯಾದಂದಿನಿಂದ ಮಾತೆಲ್ಲ ಇವರದ್ದೇ, ನನಗೆ ಮರೆತುಹೋದರೂ ನಷ್ಟವಿಲ್ಲ. ಎಲ್ಲರೂ ನಕ್ಕರು. ನಾನೊಬ್ಬ ನಗಲಿಲ್ಲ.

ನವೆಂಬರ್ 23

"ಪ್ರಮೋದ ಊಟಕ್ಕೆ ಬರ್ತಾನಾ?" ಮಗನ ಬಗ್ಗೆ ಜಲಜಾ ಕೇಳಿದಳು.

ಹೇಳಿದೆ. ಬರುವುದಿಲ್ಲ. ಎರಡು ವರ್ಷದ ಹಿಂದೆ ಸೂರತ್ತಿನ ಉಧ್ನಾದಿಂದ ಬೈಕಿನಲ್ಲಿ ಬರುವಾಗ ಹೈವೇಯಲ್ಲಿ ಹೋದ. ನೀನೇ ಅವನ ಶರ್ಟು ಗುರುತು ಹಿಡಿದದ್ದು. ಸೌಟು ಕೆಳಗಿಟ್ಟು ನೆಲದ ಮೇಲೆ ಕುಳಿತಳು. ಮೊದಲ ಬಾರಿ ಕೇಳಿದವಳಂತೆಯೇ ಅತ್ತಳು. ಸಂಜೆ ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಸತ್ಯ ಹೇಳುವುದು ಕರ್ತವ್ಯ... ವಾದ ಗಟ್ಟಿಯಾಗಿದೆ. ಗೆದ್ದದ್ದು ಏನು, ತಿಳಿಯದು.

ವಡೋದರಾದಿಂದ ಶ್ರುತಿಯ ಫೋನ್. ಮಗಳ ಕನ್ನಡ ಗುಜರಾತಿನಲ್ಲೇ ಬೆಳೆದದ್ದು. "ಪಪ್ಪಾ, ಇದು ಡಿಬೇಟ್ ಅಲ್ಲ. ಭಯ್ಯಾ ಸೂರತ್‌ನಲ್ಲಿದ್ದಾನೆ ಅಂತ ಬೋಲ್ ದೋ ನಾ. ಮಮ್ಮಿಗೆ ಎಷ್ಟು ಸಲ ಅಳಿಸ್ತೀರಿ?"

ನವೆಂಬರ್ 28

ಹಾಗೆಯೇ ಹೇಳಿದೆ. ಸೂರತ್ತಿನಲ್ಲಿದ್ದಾನೆ, ಕೆಲಸ ಜಾಸ್ತಿ. "ಹೊಟ್ಟೆಗೆ ಸರಿ ತಿನ್ಲಿಕ್ಕೆ ಹೇಳಿ" ಎಂದಳು. ಟೀವಿ ನೋಡುತ್ತ ನಿದ್ದೆ ಹೋದಳು. ಮನೆ ನಿಶ್ಶಬ್ದ. ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ಸುಲಭವಾದದ್ದರ ಮೇಲೆ ನನಗೆ ಯಾವಾಗಲೂ ಅನುಮಾನ.

ಡಿಸೆಂಬರ್ 4, ಭಾನುವಾರ

ಎರಡನೆಯ ಸಭೆ. ಬೆಳಗಿನ ಹೊತ್ತು ಜಲಜಾಳ ತಲೆ ನಿಚ್ಚಳ. ಏನಾದರೂ ಹೇಳಬೇಕೆ ಎಂದು ನಳಿನಿಬೆನ್ ಕೇಳಿದಾಗ ನನ್ನತ್ತ ತಿರುಗಿ ಕನ್ನಡದಲ್ಲೇ ಹೇಳಿದಳು.

"ಅವನು ಸೂರತ್ತಲ್ಲಿ ಇದ್ದಾನೆ ಅಂತೀರಿ. ಇಲ್ಲ ಅಂತ ಈಗ ನನಗೆ ನೆನಪುಂಟು. ಸಂಜೆಗೆ ಮರೀತೇನೆ. ಆಗ ನೀವೂ ಹೇಳದಿದ್ರೆ ಯಾರು ಹೇಳುವುದು? ನನ್ನ ಮಗನಿಗೆ ನಾನು ಅಳುವುದೂ ಬೇಡವಾ?"

ಅನುವಾದಿಸಿ ಎಂದರು. ಮೂರು ಭಾಷೆ ಬಲ್ಲೆ. ಮನೆಯ ಮಾತು ಎಂದೆ. ನಳಿನಿಬೆನ್ ಒತ್ತಾಯಿಸಲಿಲ್ಲ. ಕೊನೆಗೆ ಇಡೀ ಗುಂಪಿಗೆ, ನಿಜ ಹೇಳಬೇಕೇ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ, ಮನಸ್ಸು ತಿಳಿಯಾಗಿದ್ದಾಗ ಅವರೇ ಏನು ಬಯಸುತ್ತಾರೋ ಕೇಳಿ ಅದರಂತೆ ನಡೆಯಿರಿ, ಕೈಯಲ್ಲಿರುವ ಕೆಲಸ ಕಿತ್ತುಕೊಳ್ಳಬೇಡಿ, ಹಂಚಿಕೊಳ್ಳಿ ಎಂದಷ್ಟೇ ಹೇಳಿದರು.

ಡಿಸೆಂಬರ್ 9

ಪುರೋಹಿತರಾದ ಪಟ್ಟಾಭಿರಾಮ ಭಟ್ಟರು ಬಂದಿದ್ದರು. ಪ್ರಮೋದನ ತಿಥಿ ಹದಿನೇಳಕ್ಕೆ. ಕಳೆದ ಸಲದ್ದು ಅವರೂ ಮರೆತಿಲ್ಲ. ಶ್ರಾದ್ಧದ ಅಡುಗೆಯನ್ನು ಬ್ರಾಹ್ಮಣರು ಉಂಡೇಳುವ ತನಕ ಮಾಡಿದವರೂ ರುಚಿ ನೋಡುವಂತಿಲ್ಲ. ಎಲ್ಲ ಅಂದಾಜು, ಎಲ್ಲ ನೆನಪು. ಜಲಜಾ ಹುಳಿಗೆ ಎರಡೆರಡು ಸಲ ಉಪ್ಪು ಹಾಕಿದ್ದಳು. ಭಟ್ಟರು ನೀರು ಕುಡಿಕುಡಿದು ಉಂಡರು. ಕಾಯಿಲೆ ನಮಗೆ ಗೊತ್ತಾದದ್ದೇ ಆ ಎಲೆಯ ಮುಂದೆ.

"ಈ ಸಲ ನಮ್ಮವರ ಹೋಟೆಲಿನಿಂದ ತರಿಸುವ ಮಾರಾಯ್ರೇ. ಮಡಿಯಲ್ಲೇ ಮಾಡಿಸ್ತೇನೆ. ಅಮ್ಮನಿಗೆ ಯಾಕೆ ತೊಂದರೆ? ಪ್ರೇತಕ್ಕೂ ಬಿಪಿ ಬಂದೀತು."

ನಗಿಸಲೆಂದೇ ಅಂದದ್ದು. ಒಳ್ಳೆಯ ಮನುಷ್ಯ. ಶ್ರುತಿಯದ್ದೂ ಅದೇ ಅಭಿಪ್ರಾಯ — ಹಿಂದಿನ ದಿನವೇ ಬಂದು ತಾಯಿಯನ್ನು ವಡೋದರಾಕ್ಕೆ ಕರೆದೊಯ್ಯುತ್ತಾಳೆ, ಅಮ್ಮನಿಗೆ ತಿಥಿಯ ವಿಷಯವೇ ತಿಳಿಯದು. ಪರವಾಗಿ ಇಬ್ಬರು. ವಿರೋಧಿಸುವ ಶಕ್ತಿ ನನಗಿಲ್ಲ. ಒಪ್ಪಿದೆ. ದಣಿದಿದ್ದೇನೆ.

ಡಿಸೆಂಬರ್ 16, ಸಂಜೆ

ಶ್ರುತಿ ಬಂದಿದ್ದಾಳೆ. ಟ್ರೇನು ತಪ್ಪಿತು, ತಪ್ಪಿಸಿದವಳು ಜಲಜಾ. ಬ್ಯಾಗು ಬಾಗಿಲ ಬಳಿ ಸಿದ್ಧವಿದ್ದಾಗ ಇವಳು ಅಟ್ಟದ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ ಹುಣಸೆ ಹಚ್ಚಿ ತಿಕ್ಕುತ್ತಿದ್ದಳು. ಕ್ಯಾಲೆಂಡರಿನಲ್ಲಿ ಮಾರ್ಗಶಿರ ಬಹುಳ ಬಿದಿಗೆಯನ್ನು ತಾನೇ ಕಂಡಿದ್ದಾಳೆ.

"ಮಮ್ಮಿ, ಛೋಡೋ ನಾ. ನನ್ನ ಮನೇಲಿ ಆರಾಮ್ ಮಾಡು."

"ನಾಳೆ ಅಡುಗೆಗೆ ನಿನ್ನ ಅತ್ತೆ ಬರ್ತಾಳಾ? ಆಚೆ ಸರಿ, ಪಾತ್ರೆ ಬೆಳಗಲಿಕ್ಕೆ ಬಿಡು."

ಶ್ರುತಿ ಬಚ್ಚಲಿಗೆ ಹೋಗಿ ಅತ್ತಳು. ನೀರು ಬಿಟ್ಟುಕೊಂಡು ಅತ್ತರೆ ಕೇಳಿಸುವುದಿಲ್ಲವೆಂದು ಭಾವಿಸಿದ್ದಾಳೆ. ನಾನು ಕುರ್ಚಿಯಲ್ಲಿದ್ದೆ. ಏನೂ ಮಾಡದೆ.

ಡಿಸೆಂಬರ್ 17, ಬೆಳಿಗ್ಗೆ. ಸ್ನಾನಕ್ಕೆ ಮುಂಚೆ

ಭಟ್ಟರಿಗೆ ಫೋನ್ ಮಾಡಿದೆ: ಹೋಟೆಲಿನ ಅಡುಗೆ ಬೇಡ. ಅವರು ಏನೋ ಹೇಳಲು ಹೊರಟರು; ಇಟ್ಟುಬಿಟ್ಟೆ. ಶ್ರುತಿ ಇನ್ನೂ ಎದ್ದಿಲ್ಲ. ಅವಳಿಗೂ ತಿಳಿಸಿಲ್ಲ. ಮತಕ್ಕೆ ಹಾಕುವ ವಿಷಯ ಇದಲ್ಲ. ತೀರ್ಮಾನ ನನ್ನೊಬ್ಬನದ್ದು.

ಅಡುಗೆ ಜಲಜಾಳದ್ದೇ. ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಪಕ್ಕದಲ್ಲೇ ನಿಲ್ಲುತ್ತೇನೆ; ಉಪ್ಪಿನ ಪಾತ್ರೆ ನನ್ನ ಕೈಯಲ್ಲಿ. ಹೆಚ್ಚಾದರೆ ನನ್ನ ತಪ್ಪು, ಸಪ್ಪೆಯಾದರೂ ನನ್ನದೇ. ಅವಳು ಕೇಳಿದಷ್ಟು ಸಲ ಸತ್ಯವನ್ನೇ ಹೇಳುತ್ತೇನೆ. ಆದರೆ ಮೊದಲು ಹೇಳಿದಂತೆ ಎದುರು ನಿಂತು ಅಲ್ಲ.

ಒಲೆಯ ಮುಂದಿನಿಂದ ಕರೆಯುತ್ತಿದ್ದಾಳೆ. "ಹೌದಾ, ಇವತ್ತು ಯಾರ ತಿಥಿ?"

ಮಡಿಯಲ್ಲಿದ್ದಾಳೆ, ನಾನು ಮುಟ್ಟುವಂತಿಲ್ಲ. ಮುಟ್ಟುತ್ತೇನೆ. ಮಡಿ ಕೆಟ್ಟರೆ ಈ ಚಳಿಯಲ್ಲಿ ಅವಳು ಇನ್ನೊಮ್ಮೆ ಮೀಯಬೇಕು, ಬ್ರಾಹ್ಮಣರು ಕಾಯಬೇಕು, ಕಾಯಲಿ. ಈಗ ಹೋಗಿ, ಪಕ್ಕದಲ್ಲಿ ಕುಳಿತು, ಕೈ ಹಿಡಿದು —