ನಿನ್ನ ಪಾಲಿನ ಶನಿವಾರ

ಕೌರಾ
ಭಾನುವಾರ, 10 ಆಗಸ್ಟ್ 2014

ಪ್ರೀತಿಯ ಡೇಮನ್,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ಕ್ಯಾನ್‌ಬೆರಾದಲ್ಲಿ ಈ ವಾರ ಕೊರೆಯುವ ಚಳಿಯಂತೆ, ರೇಡಿಯೋದಲ್ಲಿ ಹೇಳಿದರು. ನಾನು ಹೆಣೆದುಕೊಟ್ಟ ಸ್ವೆಟರ್ ಹಾಕಿಕೊಳ್ಳುತ್ತೀಯೋ ಇಲ್ಲವೋ. ಇಲ್ಲ ಬಿಡು, ನೀನು ತೆಳು ಅಂಗಿಯಲ್ಲಿ ನಿಂತಿದ್ದುದನ್ನು ಟೀವಿಯಲ್ಲಿ ನೋಡಿದೆ. ನನ್ನ ಮಂಡಿ ಹಾಗೇ ಇದೆ.

ನಿನ್ನೆ ನಿನ್ನ ಪಾಲಿನ ಶನಿವಾರ, ಟೆಸ್ ನಿನ್ನ ಜೊತೆ ಕಳೆಯಬೇಕಾದ ದಿನ. ನೀನೂ ಕೆರಿನ್ನೂ ಬೇರೆಯಾದ ಮೇಲೂ ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಎರಡೇ ಬೀದಿ. ಆದರೂ ನೀವಿಬ್ಬರು ಬಾಗಿಲಲ್ಲಿ ಕಚ್ಚಾಡುತ್ತೀರೆಂದು, ಮಗುವನ್ನು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಒಪ್ಪಿಸಿ ಎಂದಿತಲ್ಲ ಕೋರ್ಟು, ಅಲ್ಲೇ ಹೋಗಿ ನಿಂತಿದ್ದೆ. ನೀನು ಬರಲಿಲ್ಲ, ಫೋನೂ ಎತ್ತಲಿಲ್ಲ. ಕೆರಿನ್ ಕಾರಿನ ಗಾಜು ಇಳಿಸಿ, "ಈ ಸಲ ಏನಂತೆ, ಗ್ಲೆನಿಸ್?" ಎಂದಳು. "ಏನೋ ಕೆಲಸ ಬಂತಂತೆ ಕಣೇ" ಎಂದೆ. ಸುಳ್ಳು ಹೇಳಿ ಹೇಳಿ ನನ್ನ ನಾಲಿಗೆಗೆ ರೂಢಿಯಾಗಿಹೋಗಿದೆ. ಟೆಸ್‌ಗೆ ನೆಟ್‌ಬಾಲ್ ಪಂದ್ಯವಿತ್ತು, ಆಡುವ ಮಕ್ಕಳಿಗೆ ಕಿತ್ತಳೆ ಹೋಳು ತರುವ ಸರದಿ ನಿನ್ನದಿತ್ತು. ಅಪ್ಪ ತರುತ್ತಾರೆ ಎಂದು ತಂಡಕ್ಕೆಲ್ಲ ಹೇಳಿಕೊಂಡು ಬಂದಿದ್ದಳು. ಕೊನೆಗೆ ಬಂಕಿನ ಅಂಗಡಿಯಲ್ಲಿ ಸಿಕ್ಕ ಹಣ್ಣನ್ನೇ ಕೊಂಡು, ಕಾರಿನ ಬಾನೆಟ್ಟಿನ ಮೇಲೆ ಹೆಚ್ಚಿದೆ. "ಅಪ್ಪ ಕಳಿಸಿದ್ದು ಅಂತ ಹೇಳ್ಲಾ ಅಜ್ಜಿ?" ಅಂದಳು. ಎಂಟು ವರ್ಷದ ಮಗು, ನಿನಗಾಗಿ ಸುಳ್ಳು ಹೇಳುವುದನ್ನು ನನ್ನಿಂದಲೇ ಕಲಿತಿದೆ.

ಸಂಜೆ ಇಬ್ಬರೂ ಟೋಸ್ಟ್ ತಿನ್ನುತ್ತ ವಾರ್ತೆ ಹಾಕಿದೆವು. ಪಾರ್ಲಿಮೆಂಟಿನ ಮುಂದಿನ ಹುಲ್ಲುಹಾಸಿನಲ್ಲಿ ಅಪ್ಪಂದಿರ ಹಕ್ಕಿನ ಪ್ರತಿಭಟನೆ. ಎಲ್ಲರಿಗಿಂತ ಮುಂದೆ ನೀನು, ಟೆಸ್‌ಳ ದೊಡ್ಡ ಫೋಟೋವನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದು, "ನನ್ನ ಮಗಳನ್ನ ನನಗೆ ಕೊಡಿ" ಅಂತ ಕೂಗುತ್ತಿದ್ದೆ. ಮಗು ತಿನ್ನುವುದನ್ನು ನಿಲ್ಲಿಸಿತು. "ಅಜ್ಜಿ, ಅಪ್ಪ ಯಾರನ್ನ ಕೇಳ್ತಿದಾರೆ? ನಾನು ಇಲ್ಲೇ ಇದೀನಲ್ಲ." ಟೀವಿ ಆರಿಸಿಬಿಟ್ಟೆ.

ನೀವು ಕೇಳುತ್ತಿರುವುದು ತಪ್ಪೆಂದು ನಾನು ಹೇಳುತ್ತಿಲ್ಲ ಮಗನೇ. ಕೋರ್ಟು ಕಾವಲಿಗಿಟ್ಟ, ಗಡಿಯಾರ ನೋಡುತ್ತ ಕೂತ ಯಾರೋ ಹೆಂಗಸಿನೆದುರು ನೀನು ಸ್ವಂತ ಮಗಳ ಜೊತೆ ಬೊಂಬೆಯಾಡಬೇಕಾಗಿತ್ತಲ್ಲ, ಆ ದಿನಗಳನ್ನು ನಾನು ಮರೆತಿಲ್ಲ. ಅದು ಅನ್ಯಾಯವೇ. ಅದಕ್ಕೇ ಕೋರ್ಟಿನಲ್ಲಿ ನಿಂತು, ಇವನಂಥ ಅಪ್ಪ ಸಿಗುವುದಿಲ್ಲ ಎಂದು ಆಣೆಯಿಟ್ಟು ಹೇಳಿದೆ. ಕೆರಿನ್ ಅಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಿನ್ನೆ ಆ ಹುಲ್ಲಿನ ಮೇಲೆ, ಮಕ್ಕಳ ಮುಖ ನೋಡಲು ನಿಜವಾಗಿಯೂ ಅವಕಾಶವಿಲ್ಲದ ಅಪ್ಪಂದಿರೂ ಇದ್ದರು. ಅವರ ನಡುವೆ ನಿಲ್ಲುವುದಕ್ಕೆ ನಿನಗೆ ನಾಚಿಕೆಯಾಗಲಿಲ್ಲವೇನೋ? ನನ್ನ ಮಾತಿನಿಂದ ಗೆದ್ದ ಶನಿವಾರಗಳನ್ನು ನನ್ನ ಕೈಗೇ ಹಾಕಿ ಹೋದೆ. ನೀನು ನನಗೆ ಮೋಸ ಮಾಡಿದೆ ಡೇಮನ್. ಇನ್ಯಾರು ಮಾಡಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಏನೇ ಮಾಡಿದರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ನಿನಗೆ ಒಳ್ಳೆಯದಾಗಲಿ ಎಂದೇ ಬೇಡುತ್ತೇನೆ.

ನಿನ್ನ
ಅಮ್ಮ

ಮರೆತಿದ್ದೆ: ನಿನ್ನ ವಕೀಲರು ಫೋನ್ ಮಾಡಿದ್ದರು. ಟೆಸ್ ಅರ್ಧ ವಾರ ನಿನ್ನ ಬಳಿಯೇ ಇರಬೇಕು ಅಂತ ಹೊಸದಾಗಿ ಅರ್ಜಿ ಹಾಕಿದ್ದೀಯಂತೆ, ಅದಕ್ಕೂ ನಾನೇ ಸಾಕ್ಷಿಯಂತೆ. ಗುರುವಾರ ಕೋರ್ಟಿಗೆ ತಪ್ಪದೆ ಬರುತ್ತೇನೆ. ನನ್ನನ್ನು ಕರೆದೊಯ್ಯಲು ನೀನು ಇಲ್ಲಿಯವರೆಗೆ ಬರುವುದು ಬೇಡ. ಕೆರಿನ್ ಕಾರಿನಲ್ಲಿ ಬರುತ್ತೇನೆ.