ಹಿಂದಿನ ಕೋಣೆಗೂ ಸಿಗ್ನಲ್ ಬಂದ ಮೇಲೆ

ಗುಬ್ಬಿ,

ಈ ಹೆಸರಿನಿಂದ ನಿನ್ನನ್ನು ಕರೆಯುವುದು ನಿನ್ನಪ್ಪ ಮಾತ್ರ. ಇವತ್ತೊಂದು ದಿನ ನಾನೂ ಕರೆಯುತ್ತೇನೆ, ಮುಖ ಗಂಟು ಹಾಕಿಕೊಳ್ಳಬೇಡ. ಮೊಬೈಲಿಗೇ ಬರೆದು ಕಳಿಸಬಹುದಿತ್ತು. ಆದರೆ ನಾನು ಏನೇ ಕಳಿಸಿದರೂ ನೀನು ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಕೈ ತೊಳೆದುಕೊಳ್ಳುತ್ತೀಯ. ಅದಕ್ಕೇ ಕಾಗದ, ಪೆನ್ನು ಹಿಡಿದು ಕೂತಿದ್ದೇನೆ.

ನಾನು ನಿನ್ನಪ್ಪನ ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದು ಎರಡು ವರ್ಷವಾಯಿತು. ಇಷ್ಟು ದಿನ ನಿನ್ನನ್ನು ನನ್ನ ಹತ್ತಿರ ಕೂರಿಸಿದ್ದು ನನ್ನ ಅಡುಗೆಯಲ್ಲ, ನನ್ನ ಮಾತೂ ಅಲ್ಲ. ಹಾಲಿನ ಶೆಲ್ಫ್ ಮೇಲಿರುವ ವೈಫೈ ಡಬ್ಬಿ. ಹಿಂದಿನ ಕೋಣೆಗೆ, ಅಂದರೆ ನಿನ್ನ ಕೋಣೆಗೆ, ಅದರ ಸಿಗ್ನಲ್ ಬರುತ್ತಿರಲಿಲ್ಲ. ಸಂಜೆ ಕಾಲೇಜಿನಿಂದ ಬಂದವಳು ವಿಧಿಯಿಲ್ಲದೆ ಸೋಫಾದ ಮೇಲೆ ಕಾಲು ಮಡಚಿ ಕೂರುತ್ತಿದ್ದೆ. ಒಳಬಾಗಿಲ ಪಕ್ಕ ನಾನು ಮಷಿನ್ ಹಾಕಿಕೊಂಡು ಯಾರದೋ ಮನೆಯ ಕಿಟಕಿ ಪರದೆಗಳನ್ನು ಹೊಲಿಯುತ್ತಿದ್ದೆ. ಮಾತಿಲ್ಲ, ಕತೆಯಿಲ್ಲ. ಆದರೂ ನೀನು ಏನನ್ನೋ ನೋಡಿ ಕಿಸಕ್ಕೆಂದರೆ ನನಗೂ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ದೂರದ ಊರಿನಿಂದ ನಿನ್ನಮ್ಮ ವಿಡಿಯೊ ಕಾಲ್ ಮಾಡಿದಾಗ ಮಾತ್ರ ನನಗೆ ಪೀಕಲಾಟ. ಎದ್ದು ಹೋದರೆ ಇವಳಿಗೆ ಹೊಟ್ಟೆಕಿಚ್ಚು ಎನ್ನುತ್ತೀಯ, ಕೂತರೆ ಕದ್ದು ಕೇಳುತ್ತಾಳೆ ಎನ್ನುತ್ತೀಯ. ಆಕೆ "ಹೇಗಿದೀಯ ಕಂದಾ" ಎಂದರೆ ನೀನು ನನ್ನತ್ತ ಓರೆಗಣ್ಣು ಹಾಯಿಸಿ, "ಚೆನ್ನಾಗಿದೀನಮ್ಮ, ಊಟ ಆಯ್ತು, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದೆ. ಆ 'ಆಮೇಲೆ' ಎಂಬುದು ಬರುತ್ತಲೇ ಇರಲಿಲ್ಲ. ಅದಕ್ಕೆ ನಾನೊಂದು ಉಪಾಯ ಹೂಡಿದೆ. ಬಟ್ಟೆಯಿಲ್ಲದೆ, ದಾರವಿಲ್ಲದೆ ಬರೀ ಮಷಿನ್ ಓಡಿಸತೊಡಗಿದೆ. ಆ ಸದ್ದಿನಲ್ಲಿ ನಿನ್ನ ಮಾತು ನನ್ನ ಕಿವಿಗೆ ಬೀಳುವುದಿಲ್ಲ, ನೀನು ಮನಸ್ಸು ಬಿಚ್ಚಿ ಮಾತಾಡಬಹುದು ಎಂದು. ನೀನೋ, "ಬೇಕಂತಲೇ ಮಾಡ್ತಿದೀರಲ್ವಾ ಆಂಟಿ? ಅಮ್ಮ ಹೇಳೋದು ಒಂದಕ್ಷರ ಕೇಳಿಸ್ತಿಲ್ಲ!" ಎಂದು ಕಿರುಚಿ ಹೊರಗಿನ ಮೆಟ್ಟಿಲಿಗೆ ಹೋಗಿಬಿಟ್ಟೆ. ಅಯ್ಯೋ ದೇವರೇ, ಒಳ್ಳೆಯದು ಮಾಡಲು ಹೋಗಿ ಉಗಿಸಿಕೊಂಡೆನಲ್ಲ! ನಗುವೂ ಬಂತು, ಅಳುವೂ ಬಂತು.

ಅಂದಿನಿಂದ ನಿನ್ನ ಮಾತುಕತೆಯೆಲ್ಲ ಮೆಟ್ಟಿಲಿನ ಮೇಲೇ. ಮೇಲಿನ ಮನೆಯವರು ಹತ್ತಿ ಇಳಿಯುವಾಗೆಲ್ಲ ನೀನು ಬಾಯಿ ಮುಚ್ಚಿ ಗೋಡೆಗೆ ಒತ್ತಿ ಕೂರುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. 

ಸಿಗ್ನಲನ್ನು ಮುಂದಕ್ಕೆ ದಾಟಿಸುವ ಸಣ್ಣ ಡಬ್ಬಿಯೊಂದನ್ನು ನಿನ್ನಪ್ಪ ತಂದಿದ್ದರಲ್ಲ, ನೆನಪಿದೆಯಾ? ಇಡೀ ದಿನ ಆಂಬುಲೆನ್ಸ್ ಓಡಿಸಿ ಸುಸ್ತಾಗಿ ಬಂದವರು ಅದನ್ನು ಸೀದಾ ನಿನ್ನ ಕೋಣೆಯಲ್ಲೇ ಸಿಕ್ಕಿಸಿದರು. ಅದು ಕೆಂಪು ದೀಪ ಬಿಟ್ಟು ಬೇರೇನನ್ನೂ ತೋರಿಸಲಿಲ್ಲ. "ಹಾಳಾದ್ದು, ದಂಡ" ಎಂದು ಬೀರುವಿನ ಮೇಲೆ ಒಗೆದರು. ತಿಂಗಳುಗಟ್ಟಲೆ ಅಲ್ಲೇ ಧೂಳು ತಿಂದಿತು. ನಾನೂ ಅದರ ಗೋಜಿಗೆ ಹೋಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಇಲ್ಲಿರುತ್ತೀಯೋ, ಅಮ್ಮನ ಬಳಿಗೆ ಹೋಗುತ್ತೀಯೋ, ನೀನೇ ಹೇಳಬೇಕೆಂದು ನಿನ್ನಪ್ಪ ಅಮ್ಮ ಮಾತಾಡಿಕೊಂಡಿದ್ದಾರೆ. ಬಾಗಿಲು ಹಾಕಿಕೊಂಡು ಆಕೆಯೊಡನೆ ಮನಸಾರೆ ಮಾತಾಡುವಂತಾದರೆ ನೀನು ಹೊರಟೇ ಹೋಗುತ್ತೀಯ ಎಂಬ ಭಯ ನನಗೆ.

ಮೊನ್ನೆ ನೀನು ಆ ಮೆಟ್ಟಿಲ ಮೇಲೆ, ಸದ್ದು ಬರದ ಹಾಗೆ ಅಂಗಿಯ ತೋಳು ಕಚ್ಚಿಕೊಂಡು ಅಳುತ್ತಿದ್ದೆ. ಅಳಲೂ ಜಾಗವಿಲ್ಲದ ಇದೂ ಒಂದು ಮನೆಯಾ ಎನ್ನಿಸಿತು. ಮರುದಿನವೇ ನೆಟ್ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ನಕ್ಕುಬಿಟ್ಟಳು. "ಸಿಗ್ನಲ್ ಇಲ್ದಿರೋ ರೂಮಲ್ಲೇ ಹಾಕಿದ್ರೆ ಅದಕ್ಕೇ ಸಿಗ್ನಲ್ ಸಿಗಲ್ಲ ಮೇಡಂ, ಇನ್ನು ನಿಮಗೇನು ಕೊಡುತ್ತೆ? ಅರ್ಧ ದಾರೀಲಿ ಹಾಕಿ." ಫೋನ್ ಹಿಡಿದು ಸಿಗ್ನಲ್ಲಿನ ಗೆರೆಗಳನ್ನು ನೋಡುತ್ತ ಮನೆಯೆಲ್ಲ ಸುತ್ತಿದೆ. ಅರ್ಧ ದಾರಿಯಲ್ಲಿ ಇದ್ದದ್ದು ಒಂದೇ ಪ್ಲಗ್, ನನ್ನ ಮಷಿನ್ನಿನದು. ಬೀರುವಿನ ಮೇಲಿದ್ದ ಡಬ್ಬಿಯನ್ನು ಅಲ್ಲಿ ಸಿಕ್ಕಿಸಿ, ಮಷಿನ್ ಎಳೆದುಕೊಂಡು ಅಡುಗೆಮನೆಯ ಮೂಲೆ ಸೇರಿದೆ. ಅಲ್ಲಿ ಬೆಳಕು ಸಾಲದು, ಎಳೆದಾಡಿ ಸೊಂಟವೂ ಹಿಡಿದುಕೊಂಡಿದೆ, ಆ ಮಾತು ಬಿಡು.

ನಿನ್ನೆ ಸಂಜೆ ನೀನು ನಿನ್ನ ಕೋಣೆಯ ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ "ಅಮ್ಮಾ" ಎಂಬ ಕೂಗು, ಹಿಂದೆಯೇ ಬಿಕ್ಕಿ ಬಿಕ್ಕಿ ಅಳು. ಅಡುಗೆಮನೆಗೂ ಕೇಳಿಸಿತು. ಎದ್ದು ಓಡಿ ಬಂದು ಬಾಗಿಲ ಮುಂದೆ ನಿಂತೆ. ನೀನು ಕೂಗಿದ್ದು ನನ್ನನ್ನಲ್ಲ. ವಾಪಸ್ಸು ಹೋಗಿ ಕೂತೆ. ಎಷ್ಟು ಹೊತ್ತಾದರೂ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

ಅಳು ಗುಬ್ಬಿ, ಜೋರಾಗಿಯೇ ಅಳು. ಆಕೆಗೆ ಎಲ್ಲವನ್ನೂ ಹೇಳು, ನನ್ನ ಮೇಲಿನ ದೂರನ್ನೂ ಸೇರಿಸಿ. ಹೋಗುವುದಾದರೆ ನಿನ್ನ ಬಟ್ಟೆಗಳನ್ನು ನಾನೇ ಮಡಚಿ ಚೀಲಕ್ಕೆ ತುಂಬಿಕೊಡುತ್ತೇನೆ. ಹೆತ್ತವಳಲ್ಲ, ತಡೆಯುವ ಹಕ್ಕು ನನಗಿಲ್ಲ, ಗೊತ್ತು. ಆದರೆ ನೀನು ಎರಡೂ ಕಡೆಯ ಮಾತು ಕೇಳಿ ತೀರ್ಮಾನ ಮಾಡಬೇಕಲ್ಲ? ಈ ಕಡೆಯ ಮಾತನ್ನು ನಿನಗೆ ಇದುವರೆಗೆ ಯಾರೂ ಹೇಳಿಲ್ಲ. ಹೇಳುತ್ತಿದ್ದೇನೆ: ಹೋಗಬೇಡ ಕಣೇ.

ಎಲ್ಲೇ ಇರು, ತಣ್ಣಗಿರು.

ಇಂತಿ,
ಅಡುಗೆಮನೆಯ ಮೂಲೆಯಿಂದ, ನಿನ್ನ ಆಂಟಿ