ಮೂರು ತಿಂಗಳ ಅಶರೀರವಾಣಿ

ಬೂದಿಗುಟ್ಟೆ,
ಕೆಲಮಂಗಲ ಅಂಚೆ.
೧೪-೧೧-೨೦೨೪, ಗುರುವಾರ ಮಧ್ಯಾಹ್ನ.

ನನ್ನವ್ವಾ ಚಂದ್ರಲೇಖಾ,

ಹೇಗಿದ್ದೀಯವ್ವಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನೈಟ್ ಶಿಫ್ಟ್ ಇದ್ದ ವಾರ ಹಗಲಲ್ಲಿ ನಿದ್ದೆ ಬರುತ್ತದೆಯೋ, ಇಲ್ಲ ನಿನ್ನ ರೂಮಿನ ಕೆಳಗಿರುವ ಗ್ರಿಲ್ ಅಂಗಡಿಯವನು ಕಬ್ಬಿಣ ಬಡಿದು ಬಡಿದು ಎಬ್ಬಿಸಿಬಿಡುತ್ತಾನೋ? ಗ್ರಿಲ್ ಅಂಗಡಿ ಇರುವುದು ಅಪ್ಪನಿಗೆ ಹೇಗೆ ಗೊತ್ತಾಯಿತು ಅಂತ ಹುಬ್ಬು ಹಾರಿಸಬೇಡ. ನಿಮ್ಮಮ್ಮ ಅಂಜಿನಮ್ಮನ ಬಾಯಲ್ಲಿ ಉಳಿದಿರುವುದು ನಾಲ್ಕೇ ಹಲ್ಲು. ಆದರೂ ತಿಂಗಳಿಗೊಂದು ಭಾನುವಾರ ‘ಹಲ್ಲಿನ ಡಾಕ್ಟ್ರ ತಾವ ಹೋಗಿ ಬತ್ತೀನಿ’ ಅಂತ ಹೊಸೂರು ಬಸ್ಸು ಹತ್ತುತ್ತಾಳೆ. ಭಾನುವಾರ ಯಾವ ಹಲ್ಲಿನ ಡಾಕ್ಟರು ಬಾಗಿಲು ತೆಗೆದಿರುತ್ತಾನೋ ಆ ದೇವರಿಗೇ ಗೊತ್ತು. ನಾನೂ ‘ಆಗಲಿ, ಹುಷಾರಾಗಿ ಹೋಗ್ಬುಟ್ಟು ಬಾ’ ಅನ್ನುತ್ತೇನೆ. ವಾಪಸ್ ಬಂದವಳು ಅಂಗಳದಲ್ಲಿ ಕೋಳಿಗಳಿಗೆ ಕಾಳು ಚೆಲ್ಲುತ್ತಾ, ಆ ಕೋಳಿಗಳಿಗೇ ಹೇಳುವಂತೆ ನಿನ್ನ ಸುದ್ದಿಯನ್ನೆಲ್ಲಾ ಗಟ್ಟಿಯಾಗಿ ಹೇಳುತ್ತಾಳೆ. ನಾನು ಜಗಲಿಯ ಮೇಲೆ ಕೇಳದವನ ಹಾಗೆ ಕೂತು ಕೇಳುತ್ತೇನೆ. ಮನೆಯಲ್ಲಿ ನಾನೊಬ್ಬನೇ ನಟ ಅಂದುಕೊಂಡಿದ್ದೆ, ಅವಳು ನನ್ನನ್ನೂ ಮೀರಿಸಿದಳು.

ಇಲ್ಲಿ ನಾವು ಕ್ಷೇಮ. ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಿದ್ದಾಗಿದೆ. ಸಾನಮಾವು ಕಾಡಿನ ಕಡೆಯಿಂದ ಆನೆಗಳು ಈ ಸಲ ಬೇಗ ಇಳಿದಿವೆಯಂತೆ. ಮೇಲಿನ ಹೊಲದ ರಾಮಕೃಷ್ಣಪ್ಪ ದಿನಾ ಬೆಳಿಗ್ಗೆ ಹಳ್ಳದ ದಾರಿಯಲ್ಲಿ ಲದ್ದಿ ಮುಟ್ಟಿ ನೋಡಿ ಬರುತ್ತಾನೆ. ಅವನ ವಿಷಯ ಆಮೇಲೆ ಹೇಳುತ್ತೇನೆ, ಅದಕ್ಕೊಂದು ಕಾರಣವಿದೆ.

ಕೈಯಲ್ಲಿ ಫೋನು ಇರುವಾಗ ಕಾಗದ ಯಾಕೆ ಅಂತೀಯಾ? ಫೋನು ಕಿವಿಗಿಟ್ಟ ಕೂಡಲೇ ನನ್ನ ಗಂಟಲು ಕಿರೀಟ ಇಟ್ಟುಕೊಂಡು ಎದ್ದು ನಿಂತುಬಿಡುತ್ತದೆ ಮಗಳೇ. ಮೂವತ್ತೈದು ವರ್ಷ ಪೌರಾಣಿಕ ನಾಟಕದಲ್ಲಿ ಪಳಗಿದ ಗಂಟಲು! ‘ಊಟ ಆಯ್ತಾ’ ಅಂತ ಕೇಳಿದರೂ ಯುದ್ಧಕ್ಕೆ ಕರೆದ ಹಾಗಿರುತ್ತದೆ. ಇವತ್ತು ಹೇಳಬೇಕಾದ್ದನ್ನು ಆ ಗಂಟಲಲ್ಲಿ ಹೇಳಿದರೆ ಅದೂ ಒಂದು ಸೀನ್ ಆಗಿಬಿಡುತ್ತದೆ. ಕಾಗದಕ್ಕೆ ಗಂಟಲಿಲ್ಲ, ಪುಣ್ಯ.

ಹೋದ ಭಾನುವಾರ ನಿಮ್ಮಮ್ಮ ನಿನ್ನ ಹತ್ತಿರದಿಂದ, ಅಂದರೆ ಹಲ್ಲಿನ ಡಾಕ್ಟರ ಹತ್ತಿರದಿಂದ, ಮಂಡಿನೋವಿನ ಎಣ್ಣೆ ತಂದಳು. ಸೀಸೆ ಒಡೆಯದಿರಲಿ ಅಂತ ನೋಟುಬುಕ್ಕಿನ ಹಾಳೆ ಸುತ್ತಿತ್ತು. ಬಿಡಿಸಿ ನೋಡಿದರೆ ನಿನ್ನ ಕೈಬರಹ! ನಾಟಕದ ಮಾತನ್ನೆಲ್ಲಾ ನನಗಾಗಿ ದಪ್ಪಕ್ಷರದಲ್ಲಿ ನಕಲು ಮಾಡಿಕೊಡುತ್ತಿದ್ದ ಅದೇ ಕೈ, ಈಗ ಇಂಗ್ಲಿಷು ಬರೆದಿದೆ. ಪಕ್ಕದಲ್ಲಿ ಟೀಚರಮ್ಮನ ಕೆಂಪು ಇಂಕು. ಫ್ಯಾಕ್ಟರಿಯಲ್ಲಿ ಲೈನ್ ಲೀಡರ್ ಪರೀಕ್ಷೆ ಕಟ್ಟಬೇಕೆಂದು ನೀನು ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿರುವುದು ಕೋಳಿಗಳ ಮೂಲಕ ತಿಳಿದಿತ್ತು. ನನಗೆ ಒಂದಕ್ಷರ ಗೊತ್ತಾಗಲಿಲ್ಲ, ಎದೆ ಮಾತ್ರ ಉಬ್ಬಿತು. ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಮಂಗಳವಾರ ಕೆಲಮಂಗಲಕ್ಕೆ, ಸುಬ್ರಮಣಿಯ ಮೆಡಿಕಲ್ ಶಾಪಿಗೆ ಹೋದೆ.

ಅಂಗಡಿ ಮುಂದೆ ಏಳೆಂಟು ಜನ ನಿಂತಿದ್ದರು. ಜನ ಕಂಡರೆ ನನಗೆ ಪರದೆ ಎದ್ದ ಹಾಗೆ, ನಿನಗೆ ಗೊತ್ತಲ್ಲ. ‘ಅಯ್ಯಾ ಸುಬ್ರಮಣಿ! ಬದಿಗಿಡು ನಿನ್ನ ಮಾತ್ರೆ ಮುಲಾಮು! ನನ್ನ ಮಗಳು ಇಂಗ್ಲಿಷು ಬರೆದವಳೆ. ಓದಿ ಅರ್ಥ ಹೇಳು, ಊರೇ ಕೇಳಲಿ!’ ಅಂತ ಗರ್ಜಿಸಿದೆ. ಸುಬ್ರಮಣಿ ಕನ್ನಡಕ ಹಾಕಿಕೊಂಡು, ‘ಪ್ರೆಡಿಕ್ಟ್ ಅಂತ ಒಂದು ಪದ ಕೊಟ್ಟವ್ರೆ ಕಣಣ್ಣ. ಮುಂದೆ ಆಗೋದನ್ನ ಮುಂಚೇನೇ ಹೇಳೋದು ಅಂತ ಅರ್ಥ. ಆ ಪದ ಹಾಕಿ ಸ್ವಂತವಾಗಿ ವಾಕ್ಯ ಬರೀಬೇಕು’ ಅಂದ. ‘ಓಹೋ, ಅಶರೀರವಾಣಿ! ಪರದೆ ಹಿಂದೆ ನಿಂತು ನಾನೇ ನುಡಿಯುತ್ತಿದ್ದೆನಲ್ಲಯ್ಯಾ!’ ಅಂದೆ. ಎಲ್ಲರೂ ನಕ್ಕರು. ಅವನು ಓದುತ್ತಾ ಹೋದ. ಮೋಡ ನೋಡಿ ಹವಾಮಾನದವರು ಮಳೆಯನ್ನು ಪ್ರೆಡಿಕ್ಟ್ ಮಾಡುತ್ತಾರೆ ಅಂತ ಮೊದಲನೆಯದು. ಮೋಟಾರಿನ ಸದ್ದು ಕೇಳಿ ಬೆಲ್ಟು ಯಾವಾಗ ಕಿತ್ತುಹೋಗುತ್ತದೆ ಅಂತ ನಾನು ಪ್ರೆಡಿಕ್ಟ್ ಮಾಡಬಲ್ಲೆ ಅಂತ ಎರಡನೆಯದು. ನಾನು ‘ಭಲೇ!’ ಅಂದೆ.

ಮೂರನೆಯದನ್ನೂ ಅವನು ಗಟ್ಟಿಯಾಗಿಯೇ ಶುರು ಮಾಡಿದ. ‘ಮೂರು ತಿಂಗಳಲ್ಲಿ ನಾನು ಅಳುತ್ತಾ ವಾಪಸ್ ಬರುತ್ತೇನೆ ಅಂತ ನಮ್ಮಪ್ಪ ಪ್ರೆಡಿಕ್ಟ್ ಮಾಡಿದ್ದರು...’ ಅಲ್ಲಿಗೆ ಅವನ ಸ್ವರ ಇಳಿಯಿತು. ‘ಇನ್ನೂ ಎರಡು ಸಾಲೈತೆ. ಒಳಗೆ ಬಾಣ್ಣ’ ಅಂದ. ಮೂರ್ಖ ನಾನು, ‘ಇಲ್ಲೇ ಓದಯ್ಯಾ!’ ಅಂದೆ. ಓದಿದ. ‘ಆಪರೇಷನ್ ಆದ ಆರನೇ ದಿನ ನಾನು ಕೆಲಮಂಗಲದವರೆಗೆ ಬಂದಿದ್ದೆ. ಅವರ ಮಾತು ನಿಜವಾಗಬಾರದು ಅಂತ ಅಲ್ಲಿಂದಲೇ ತಿರುಗಿ ಹೋದೆ.’ ಪಕ್ಕದಲ್ಲಿ ಟೀಚರಮ್ಮ ಕೆಂಪು ಇಂಕಿನಲ್ಲಿ ‘ಗುಡ್’ ಅಂತ ಬರೆದಿದ್ದಾರೆ.

ಬಿ.ಪಿ. ಮಾತ್ರೆಗೆ ಬಂದಿದ್ದ ಚೆಲುವಮ್ಮ ತನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತುಬಿಟ್ಟಳು. ನಾನು ಎಡಕ್ಕೆ ತಿರುಗಿದೆ ಮಗಳೇ. ಹದಿನಾಲ್ಕನೇ ವಯಸ್ಸಿನಿಂದ ನನಗೆ ಮಾತು ಎತ್ತಿಕೊಡಲು ನೀನು ಪುಸ್ತಕ ಹಿಡಿದು ಕೂರುತ್ತಿದ್ದದ್ದು ರಂಗದ ಎಡಗಡೆಯ ಮರೆಯಲ್ಲಿ. ನನಗೆ ಮಾತು ಮರೆತಾಗಲೆಲ್ಲಾ ಕತ್ತು ತಾನಾಗಿ ಆ ಕಡೆಗೇ ಹೊರಳುತ್ತದೆ. ಅಲ್ಲಿ ಗ್ಲೂಕೋಸ್ ಡಬ್ಬಿಗಳಿದ್ದವು.

ಮನೆಗೆ ಬಂದು ನಿಮ್ಮಮ್ಮನನ್ನು ಕೇಳಿದೆ. ಈ ಸಲ ಅವಳು ಕೋಳಿಗಳಿಗೆ ಹೇಳಲಿಲ್ಲ, ನನಗೇ ಹೇಳಿದಳು. ಅಪೆಂಡಿಕ್ಸ್ ಆಪರೇಷನ್ ಆಯಿತಂತೆ. ಜೊತೆಗಿರುವ ಹುಡುಗಿ ಸೌಮ್ಯ ಗಂಜಿ ಕಾಯಿಸಿ ಕೊಟ್ಟಳಂತೆ. ಹೊಲಿಗೆ ಇನ್ನೂ ಒಣಗಿರಲಿಲ್ಲವಂತೆ, ಅಮ್ಮನ ಹತ್ತಿರ ಹದಿನೈದು ದಿನ ಮಲಗೋಣ ಅಂತ ಬ್ಯಾಗು ಹಿಡಿದು ಬಸ್ಸು ಹತ್ತಿದ್ದೆಯಂತೆ. ಕೆಲಮಂಗಲದ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರಿನ ಪಾಪಯ್ಯ ಸಿಕ್ಕಿ, ‘ಏನವ್ವಾ, ಮೂರು ತಿಂಗಳಿಗೆ ಇನ್ನೂ ಎರಡು ದಿನ ಐತಲ್ಲಾ! ನಿಮ್ಮಪ್ಪನ ವಾಣಿ ಸುಳ್ಳಾಗಲ್ಲ ಬಿಡು!’ ಅಂತ ನಕ್ಕನಂತೆ. ನೀನು ಅದೇ ಬ್ಯಾಗು ಹಿಡಿದು ಹೊಸೂರು ಬಸ್ಸಿಗೆ ಹತ್ತಿಬಿಟ್ಟೆಯಂತೆ. ಒಂದು ವರ್ಷ ಕಳೆದ ಮೇಲೆ ಹೊಟ್ಟೆಯ ಮೇಲಿನ ಗಾಯದ ಕಲೆ ಕಂಡು ನಿಮ್ಮಮ್ಮ ಬಾಯಿ ಬಿಡಿಸಿದಳಂತೆ. ನನಗ್ಯಾಕೆ ಹೇಳಲಿಲ್ಲ ಅಂದೆ. ‘ಹೇಳಿದ್ರೆ ಅದುಕ್ಕೂ ಒಂದ್ ಪದ್ಯ ಕಟ್ತಿದ್ದೆ ನೀನು’ ಅಂದಳು. ಪಾಪಯ್ಯನ ಮೇಲೆ ನನಗೆ ಸಿಟ್ಟಿಲ್ಲವ್ವಾ. ಬಾಯಿ ಅವನದು, ಮಾತು ನನ್ನದು. ಊರಿಗೆಲ್ಲಾ ನಾನೇ ಕಲಿಸಿಕೊಟ್ಟದ್ದು.

ನೀನು ಫ್ಯಾಕ್ಟರಿ ಕೆಲಸಕ್ಕೆ ಅಂತ ಹೊರಟ ದಿನ ನಿನಗೆ ಮರೆತಿರಲಾರದು, ನನಗೂ ಮರೆಯುತ್ತಿಲ್ಲ. ಹೊಂಗೆಮರದ ಕೆಳಗೆ ಆಟೋ ನಿಂತಿತ್ತು, ನೆಂಟರು ನೆರೆಯವರು ಸೇರಿದ್ದರು. ನಾನು ಜಗಲಿ ಹತ್ತಿ ಬಲಗೈ ಎತ್ತಿ, ‘ಎಲೈ ಚಂದ್ರಲೇಖೆಯೇ, ಕೇಳು! ಮೂರು ತಿಂಗಳು ತುಂಬುವುದರೊಳಗೆ ಇದೇ ಹೊಸ್ತಿಲಿಗೆ ಅಳುತ್ತಾ ಬಂದು ನಿಲ್ಲುವೆ!’ ಅಂದೆ. ಶಿಳ್ಳೆ ಬಿತ್ತು. ನೀನು ಆಟೋದಲ್ಲಿ ತಲೆ ತಗ್ಗಿಸಿ ಕೂತೆ. ಆ ಶಿಳ್ಳೆ ನನಗೆ ಒಂದು ವಾರ ಸಾಕಾಯಿತು. ನಿಜವಾಗಿ ನನ್ನೊಳಗೆ ಇದ್ದದ್ದೇ ಬೇರೆ. ‘ಹೋಗಬೇಡವ್ವಾ, ನೀನು ಪಕ್ಕದಲ್ಲಿಲ್ಲದಿದ್ದರೆ ನನಗೆ ಮಾತು ಮರೆತುಹೋಗುತ್ತದೆ’ ಅನ್ನಬೇಕಿತ್ತು. ಆ ಒಂದು ಸಾಲನ್ನು ಮೆಲ್ಲಗೆ ಹೇಳುವುದನ್ನು ಈ ಗಂಟಲಿಗೆ ಯಾರೂ ಕಲಿಸಿರಲಿಲ್ಲ.

ಇನ್ನೊಂದಿದೆ, ಇದು ನಿನಗೆ ಗೊತ್ತಿಲ್ಲ. ನೀನು ಕೆಲಮಂಗಲಕ್ಕೆ ಬಂದ ದಿನ ಪಾಪಯ್ಯ ನೇರ ನಮ್ಮ ಮನೆಗೇ ಓಡಿಬಂದು, ‘ಬತ್ತಾವ್ಳೆ ಕಣಣ್ಣ, ಬ್ಯಾಗ್ ಐತೆ ಕೈಲಿ’ ಅಂದ. ನಾನು ಏನು ಮಾಡಿದೆ ಗೊತ್ತೇ? ಸನ್ಮಾನದಲ್ಲಿ ಹೊದಿಸಿದ್ದ ಜರಿ ಶಾಲು ತೆಗೆದು ಹೊದ್ದುಕೊಂಡೆ! ‘ಸಾರಿಗೆ ಇನ್ನೊಂದು ಚೊಂಬು ನೀರು ಹುಯ್ಯಿ’ ಅಂತ ನಿಮ್ಮಮ್ಮನಿಗೆ ಕೂಗಿದೆ. ಕಡೇ ಬಸ್ಸು ಹೋಗುವವರೆಗೂ ಜಗಲಿ ಮೇಲೆ ಕೂತು, ‘ಏಳು ಮಗಳೇ, ಕ್ಷಮಿಸಿದ್ದೇನೆ’ ಅನ್ನುವುದನ್ನು ಯಾವ ಸ್ವರದಲ್ಲಿ ಹೇಳಬೇಕು ಅಂತ ಅಭ್ಯಾಸ ಮಾಡಿದೆ. ಇಷ್ಟು ದಿನ ಬಾರದವಳು ಬ್ಯಾಗು ಹಿಡಿದು ಯಾಕೆ ಬಂದಳು, ಮೈಗೆ ಹುಷಾರಿದೆಯೋ ಇಲ್ಲವೋ ಅಂತ ಒಂದು ಸಲವೂ ತಲೆಗೆ ಹೊಳೆಯಲಿಲ್ಲ. ನೀನು ಬರಲಿಲ್ಲ. ‘ನಿನಗೆ ಕಣ್ಣು ಕಾಣಲ್ಲ ಕಣ್ಲಾ’ ಅಂತ ಪಾಪಯ್ಯನನ್ನು ಬೈದೆ.

ರಾಮಕೃಷ್ಣಪ್ಪನ ವಿಷಯ ಹೇಳುತ್ತೇನೆಂದಿದ್ದೆ. ಅವನು ಲದ್ದಿ ಮುಟ್ಟಿ, ಮುರಿದ ಕೊಂಬೆ ನೋಡಿ, ‘ಬಂದ್ರೂ ಬರಬೌದು ಕಣ್ರಪ್ಪಾ, ಹುಷಾರಾಗಿರಿ’ ಅಂತ ಇಷ್ಟೇ ಹೇಳುತ್ತಾನೆ. ಆನೆ ಬಾರದೆ ಹೋದರೆ ಮಾರನೇ ದಿನ ಎಲ್ಲರಿಗಿಂತ ಹೆಚ್ಚು ಖುಷಿ ಅವನಿಗೇ. ‘ನನ್ ಮಾತು ಸುಳ್ಳಾಯ್ತು, ಸದ್ಯ!’ ಅಂತ ಟೀ ಕೊಡಿಸುತ್ತಾನೆ. ಮೊನ್ನೆಯಿಂದ ಅವನ ಮುಖ ನೋಡಲು ನಾಚಿಕೆ ನನಗೆ. ನಿನ್ನ ಹಾಳೆಯಲ್ಲಿ ಹವಾಮಾನದವರು ಮೋಡ ನೋಡಿದ್ದರು, ನೀನು ಮೋಟಾರಿಗೆ ಕಿವಿ ಕೊಟ್ಟಿದ್ದೆ. ನಾನು ಏನನ್ನು ನೋಡಿ ಹೇಳಿದೆ? ಎದುರಿಗೆ ಎಷ್ಟು ಜನ ನಿಂತಿದ್ದಾರೆ ಅಂತ ನೋಡಿದೆ. ಮೇಲಿಂದ, ಮಗಳು ಅಳುತ್ತಾ ಬರಲಿ, ನನ್ನ ಮಾತು ನಿಲ್ಲಲಿ ಅಂತ ದಿನ ಎಣಿಸಿದೆ. ಹೆತ್ತ ಮಗಳಿಗೆ ಹಾಗೆ ಬಯಸುವ ರಾಕ್ಷಸನ ಪಾತ್ರವನ್ನು ಯಾವ ನಾಟಕದಲ್ಲೂ ನಾನು ಆಡಿಲ್ಲ.

ಪರೀಕ್ಷೆ ಚೆನ್ನಾಗಿ ಬರಿ. ಸೌಮ್ಯಳಿಗೆ, ಆ ಗಂಜಿಯ ತಾಯಿಗೆ, ನನ್ನ ನಮಸ್ಕಾರ ಹೇಳು. ನಿನ್ನನ್ನು ಹರಸಲು ಕೈ ಎತ್ತಿದೆ. ಅವತ್ತು ಎತ್ತಿದ್ದೂ ಇದೇ ಬಲಗೈ ಅಂತ ನೆನಪಾಗಿ ಇಳಿಸಿಬಿಟ್ಟೆ. ನಿಮ್ಮಮ್ಮ ಮನಸಾರೆ ಹರಸಿದ್ದಾಳೆ, ಅದರಲ್ಲೇ ನನ್ನದೂ ಒಂದು ಚೂರು ಸೇರಿಸಿಕೋ.

ಬಿರುದು ಬಾವಲಿ ಏನೂ ಇಲ್ಲದೆ,
ನಿನ್ನ ಅಪ್ಪ
ವೆಂಕಟರಮಣಪ್ಪ

ತಾ.ಕ.: ಅಂಚೆಯಣ್ಣ ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದಾನೆ. ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ನಿಮ್ಮಮ್ಮನಿಗೆ ಹಲ್ಲುನೋವಿಲ್ಲ, ಬೆಳಗಿನ ಬಸ್ಸಿಗೆ ನಾನು ಹೊರಡುತ್ತೇನೆ. ಶಾಲು ತರುವುದಿಲ್ಲ. ಗ್ರಿಲ್ ಅಂಗಡಿಯ ಮೆಟ್ಟಿಲು ಹತ್ತಿ ನಿನ್ನ ಹೊಸ್ತಿಲ ಮುಂದೆ ನಿಂತು ಬಾಗಿಲು ತಟ್ಟುತ್ತೇನೆ, ಕೂಗುವುದಿಲ್ಲ. ಅಳು ಬಂದರೂ ಬರಬೌದು. ನೀನು ಬಾಗಿಲು ತೆಗೆಯುತ್ತೀಯೋ ಇಲ್ಲವೋ, ಅದನ್ನು ಮಾತ್ರ ನಾನು ಮುಂಚೆ ಹೇಳುವುದಿಲ್ಲವ್ವಾ.